ಹಂಚುವ ಮೊದಲು ಒಂದು ಗಳಿಗೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಶಾಲೆಯ ಶಿಕ್ಷಕ ಬಳಗದ ಪರವಾಗಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ಶಾಲೆಯ ಅಂಗಳದಲ್ಲಿ ನಿಂತು ಮಾತನಾಡುವವರು ಹಳೆಯದನ್ನು ನೆನೆಯಬೇಕು, ಹಿರಿಯರ ಉಪಕಾರವನ್ನು ಕೊಂಡಾಡಬೇಕು. ಆ ಕೆಲಸವನ್ನು ನಮಗಿಂತ ಬಲ್ಲವರು ಈ ವೇದಿಕೆಯಿಂದ ಈಗಾಗಲೇ ಮಾಡಿದ್ದಾರೆ. ಶಿಕ್ಷಕ ಬಳಗದ ಪಾಲಿಗೆ ಬಂದಿರುವ ಈ ಅರ್ಧ ಗಂಟೆಯಲ್ಲಿ ನಾವು ನಮ್ಮಿಂದಲೇ ಆದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಂಡು, ಅದರಿಂದ ಕಲಿತ ಪಾಠವನ್ನು ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ.

ಶತಮಾನೋತ್ಸವದ ಸಿದ್ಧತೆ ಆರಂಭವಾದಾಗ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಕೂಡಿಸುವುದಕ್ಕಾಗಿ ವಾಟ್ಸ್‌ಆಪ್ ಗುಂಪೊಂದನ್ನು ಕಟ್ಟಿದೆವು. ಒಂದೆರಡು ವಾರಗಳಲ್ಲಿಯೇ ಪುಣೆ, ಮುಂಬಯಿ, ಸೊಲ್ಲಾಪುರ, ಕಲಬುರ್ಗಿ, ಬೆಂಗಳೂರುಗಳಲ್ಲಿ ನೆಲೆಸಿದವರೆಲ್ಲ ಅಲ್ಲಿ ಬಂದು ಸೇರಿದರು. ದಿನವೂ ಹಳೆಯ ಚಿತ್ರಗಳು, ನೆನಪುಗಳು, ನಗು. ಆ ಉತ್ಸಾಹದಲ್ಲಿ ನಾವು ಕಪಾಟಿನಲ್ಲಿದ್ದ ಹಳೆಯ ಜನರಲ್ ರಜಿಸ್ಟರನ್ನು ಹೊರತೆಗೆದೆವು. ಸಂಸ್ಥಾನದ ಕಾಲದ ಪುಸ್ತಕ. ಬೋರು ಲೇಖನಿಯ ಮುತ್ತಿನಂಥ ಕನ್ನಡ ಅಕ್ಷರ, ಮಾಸಿದರೂ ಓದಲು ಬರುವ ಶಾಯಿ. ಗಡಿನಾಡಿನ ಈ ಊರಲ್ಲಿ ಕನ್ನಡ ಎಷ್ಟು ಹಿಂದಿನಿಂದ ಬಾಳಿಕೊಂಡು ಬಂದಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ ಎಂಬ ಅಭಿಮಾನದಿಂದ ಒಂದು ಪುಟದ ಚಿತ್ರ ತೆಗೆದು ಗುಂಪಿಗೆ ಹಾಕಿದೆವು.

ನಾವು ಅಕ್ಷರದ ಚೆಲುವನ್ನು ಕಂಡೆವು. ಆ ಅಕ್ಷರಗಳಲ್ಲಿ ಏನು ಬರೆದಿದೆ ಎಂಬುದನ್ನು ಓದಲಿಲ್ಲ. ಜನರಲ್ ರಜಿಸ್ಟರಿನಲ್ಲಿ ಏನೇನು ಇರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ದಿನ, ನಡತೆ, ಶಾಲೆ ಬಿಟ್ಟ ಕಾರಣ. ಆ ಪುಟದ ಒಂದು ಸಾಲಿನಲ್ಲಿ, ಒಬ್ಬ ಹುಡುಗನ ಹೆಸರಿನ ಮುಂದೆ, ಜಾತಿಯ ಕಾಲಮ್ಮಿನಲ್ಲಿ ಇಂದು ಯಾರೂ ಬಾಯಿಂದ ಆಡಬಾರದ ಒಂದು ಶಬ್ದವಿತ್ತು. ಶಾಲೆ ಬಿಟ್ಟ ಕಾರಣದ ಕಾಲಮ್ಮಿನಲ್ಲಿ "ಫೀ ಬಾಕಿ, ದನ ಕಾಯಲು ಹೋಗಿದ್ದಾನೆ" ಎಂದಿತ್ತು. ಅರ್ಧ ದಿನದೊಳಗೆ ಗುಂಪಿನಲ್ಲಿ ಯಾರೋ ಆ ಮನೆತನವನ್ನು ಗುರುತಿಸಿದರು. ಒಬ್ಬರು ನಗುವ ಮುಖದ ಗುರುತು ಹಾಕಿದರು. ಇನ್ನೊಬ್ಬರು "ಇವರ ಮೊಮ್ಮಗ ಈಗ ದೊಡ್ಡ ಸಾಹೇಬ" ಎಂದು ಬರೆದರು. ಬರೆದವರ ಮನಸ್ಸಿನಲ್ಲಿ ಪ್ರಾಯಶಃ ಮೆಚ್ಚುಗೆಯೇ ಇದ್ದಿರಬಹುದು. ಆದರೆ ಆ ಪುಟ ಅಲ್ಲಿಂದ ಮತ್ತೊಂದು ಗುಂಪಿಗೆ, ಅಲ್ಲಿಂದ ಮಗದೊಂದಕ್ಕೆ ಹೋಯಿತು. ಮೂರನೆಯ ದಿನ ಸೊಲ್ಲಾಪುರದ ಒಂದು ವಸತಿಗೃಹದಲ್ಲಿದ್ದು ಕಾಲೇಜು ಕಲಿಯುತ್ತಿದ್ದ ಹುಡುಗಿಯೊಬ್ಬಳು ತನ್ನ ಮುತ್ತಜ್ಜನ ಹೆಸರನ್ನೂ ಅದರ ಮುಂದಿನ ಶಬ್ದವನ್ನೂ ಗೆಳತಿಯ ಫೋನಿನಲ್ಲಿ ಕಂಡಳು.

ಅವಳ ತಂದೆ ನಮ್ಮ ಶಾಲೆಯವರೇ. ಅವರು ಶಾಲೆಗೆ ಬಂದರು, ಸಿಟ್ಟು ಮಾಡಲಿಲ್ಲ. "ಗುರುಗಳೆ, ಆ ಪುಸ್ತಕ ಇಷ್ಟು ವರ್ಷ ನಿಮ್ಮ ಕಪಾಟಿನ್ಯಾಗ ಇತ್ತು, ಯಾರ ಮನಸ್ಸೂ ನೋಯಲಿಲ್ಲ. ಒಂದು ದಿನ ಹೊರಗ ಬಂತು, ನನ್ನ ಮಗಳು ಎರಡು ದಿನ ಊಟ ಬಿಟ್ಟಳ್ರಿ. ನಮ್ಮಜ್ಜ ಬಡವ ಇದ್ದ ಅನ್ನೂದು ನಮಗ ನಾಚಿಕಿ ಅಲ್ಲ. ಆದರ ಅದನ್ನ ಊರಿಗೆ ಹೇಳಾವ್ರು ನಾವು ಆಗಬೇಕಾಗಿತ್ತು, ನೀವಲ್ಲ" ಎಂದರು.

ನಾವು ಚಿತ್ರವನ್ನು ಅಳಿಸಿದೆವು, ಗುಂಪಿನಲ್ಲಿ ಕ್ಷಮೆ ಕೇಳಿದೆವು. ಆದರೆ ನಮ್ಮ ಗುಂಪಿನಲ್ಲಿ ಅಳಿಸಿದ್ದು ಬೇರೆಯವರ ಫೋನಿನಲ್ಲಿ ಉಳಿದ ಪ್ರತಿಯನ್ನು ಅಳಿಸುವುದಿಲ್ಲ. ಮುಂದಕ್ಕೆ ಸಾಗಿಹೋದುದನ್ನು ಹಿಂದಕ್ಕೆ ಕರೆಯುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಾವೇ ತರಗತಿಯಲ್ಲಿ ಗಾದೆಯನ್ನು ವಿಸ್ತರಿಸಿ ಬರೆಸುತ್ತೇವೆ. ಅದರ ಅರ್ಥವನ್ನು ನಮಗೆ ಕಲಿಸಿದವರು ಆ ತಂದೆ. ಅಂದು ಅವರು ಆಡಿದ ಕೊನೆಯ ಮಾತೇ ನಮ್ಮ ಇಂದಿನ ಮಾತಿನ ತಿರುಳು: ಒಂದು ಚಿತ್ರವನ್ನು ಅಥವಾ ಸುದ್ದಿಯನ್ನು ಹಂಚುವ ಹಕ್ಕು ಅದು ಯಾರ ಕೈಯಲ್ಲಿದೆಯೋ ಅವರದಲ್ಲ, ಅದರಲ್ಲಿ ಯಾರ ಬಾಳು ಇದೆಯೋ ಅವರದು.

ಬಂಧುಗಳೆ, ಇದು ಮನಸ್ಸು ನೊಂದ ಕತೆ. ಪ್ರಾಣವೇ ಹೋದ ಕತೆಯೂ ನಮ್ಮ ಜಿಲ್ಲೆಗೆ ಹೊಸದಲ್ಲ. 2018ನೆಯ ಇಸವಿಯ ಜುಲೈ 1, ರವಿವಾರ. ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ ಸಂತೆಯ ದಿನ. ಭಿಕ್ಷೆಯನ್ನೇ ಕುಲವೃತ್ತಿಯಾಗಿ ನಂಬಿ ಊರೂರು ತಿರುಗುವ ನಾಥಪಂಥಿ ಡವರಿ ಗೋಸಾವಿ ಸಮಾಜದ ಐವರು ಅಲ್ಲಿಗೆ ಹೋಗಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸಂದೇಶಗಳು ಆ ಭಾಗದ ಫೋನುಗಳಲ್ಲಿ ಮೊದಲೇ ಹರಿದಾಡುತ್ತಿದ್ದವು. ಅವರಲ್ಲೊಬ್ಬರು ಒಂದು ಮಗುವನ್ನು ಮಾತನಾಡಿಸಿದ್ದೇ ಸಾಕಾಯಿತು. ಜನ ಐವರನ್ನೂ ಗ್ರಾಮಪಂಚಾಯತಿಯ ಕೋಣೆಯಲ್ಲಿ ಕೂಡಿ ಹೊಡೆದು ಕೊಂದರು. ಸತ್ತವರಲ್ಲಿ ಹೆಚ್ಚಿನವರು ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಬಸವಣ್ಣನವರು ಕರಣಿಕರಾಗಿ ದುಡಿದರೆಂದು ನಾವು ಮಕ್ಕಳಿಗೆ ಪಾಠ ಹೇಳುವ ಅದೇ ಮಂಗಳವೇಢೆ. ನುಡಿ ಹೇಗಿರಬೇಕೆಂದು ನಾಡಿಗೆ ತಿಳಿಸಿದ ಶರಣರ ನೆಲದಿಂದ ಹೊಟ್ಟೆಪಾಡಿಗೆ ಹೋದವರು ನುಡಿಯ ಸುಳ್ಳಿಗೆ ಬಲಿಯಾದರು.

ಅದಾದ ಎರಡು ವಾರಗಳೊಳಗೆ, ಜುಲೈ 13ರಂದು, ನಮ್ಮ ಆಚೆಯ ಬೀದರ ಜಿಲ್ಲೆಯ ಔರಾದ ತಾಲೂಕಿನಲ್ಲಿ ಇಂಥದೇ ಇನ್ನೊಂದು ನಡೆಯಿತು. ಹೈದರಾಬಾದಿನಿಂದ ತಿರುಗಾಟಕ್ಕೆ ಬಂದಿದ್ದ ಗೆಳೆಯರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ನೋಡಿದವರಿಗೆ ಸಂಶಯ ಬಂತು. ಅವರು ಕಾರು ಹತ್ತಿ ಹೊರಟರೆ ಅವರ ಚಿತ್ರಗಳು ಅವರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿದವು. ಅಲ್ಲಿ ದಾರಿಗೆ ಅಡ್ಡಗಟ್ಟಿದ ಜನರ ಕೈಗೆ ಸಿಕ್ಕು ಒಬ್ಬ ತರುಣ ಇಂಜಿನಿಯರ್ ಪ್ರಾಣ ಬಿಟ್ಟ. ಪೊಲೀಸರು ಬಂಧಿಸಿದವರಲ್ಲಿ ವಾಟ್ಸ್‌ಆಪ್ ಗುಂಪಿನ ಅಡ್ಮಿನ್ ಕೂಡ ಒಬ್ಬ.

ಆ ದಿನಗಳಲ್ಲಿ ದೇಶದ ತುಂಬ ಓಡಾಡಿದ ಒಂದು ದೃಶ್ಯ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಇಬ್ಬರು ಮೋಟರ್ ಸೈಕಲ್ಲಿನ ಮೇಲೆ ಬರುತ್ತಾರೆ, ಬೀದಿಯಲ್ಲಿ ಆಡುವ ಮಗುವೊಂದನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಮ್ಮ ದೇಶದ್ದೇ ಅಲ್ಲ. ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ಚಿಕ್ಕ ಚಿತ್ರ. ಅದರ ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು. ಮಕ್ಕಳನ್ನು ಕಾಯಲೆಂದು ಮಾಡಿದ್ದೇ ಮನುಷ್ಯರನ್ನು ಕೊಲ್ಲುವ ಕಾರಣಗಳಲ್ಲಿ ಒಂದಾಯಿತು. ಅದನ್ನು ಮುಂದೆ ಕಳಿಸಿದವರಲ್ಲಿ ಬಹುತೇಕರು ಕೆಟ್ಟವರಲ್ಲ. ಅವರು ಮಕ್ಕಳುಳ್ಳ ತಂದೆತಾಯಿಗಳು. "ಇರಲಿ, ಎಚ್ಚರವಾಗಿರಲಿ" ಎಂಬ ಕಳಕಳಿಯಿಂದಲೇ ಕಳಿಸಿದರು. ನಾವೂ ರಜಿಸ್ಟರಿನ ಪುಟವನ್ನು ಒಳ್ಳೆಯ ಮನಸ್ಸಿನಿಂದಲೇ ಹಾಕಿದ್ದೆವು. ಒಳ್ಳೆಯ ಮನಸ್ಸೊಂದೇ ಇಲ್ಲಿ ಸಾಲದು ಎಂಬುದನ್ನು ನಾವೆಲ್ಲರೂ ತಿಳಿಯಬೇಕಾಗಿದೆ.

ಆ ಘಟನೆಗಳ ಬಳಿಕ ವಾಟ್ಸ್‌ಆಪ್ ಕಂಪನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸಲಾಗದಂತೆ ಮಾಡಿತು. 2020ರ ಏಪ್ರಿಲ್‌ನಿಂದ, ಅನೇಕ ಸಲ ಕೈಬದಲಾಯಿಸಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಸಾಧ್ಯ. ಅಂಥ ಸಂದೇಶದ ಮೇಲೆ ಎರಡು ಬಾಣದ ಗುರುತು ಕಾಣುತ್ತದೆ. ಆ ಎರಡು ಬಾಣಗಳನ್ನು ಕಂಡಾಗ, ಇದನ್ನು ಬರೆದವರು ಯಾರೆಂದು ನಮಗೆ ಕಳಿಸಿದವರಿಗೂ ಗೊತ್ತಿಲ್ಲದಿರಬಹುದು ಎಂದು ತಿಳಿಯಿರಿ. ಕಂಪನಿ ಹಾಕಿದ ಕಟ್ಟು ಅಷ್ಟೇ. ಉಳಿದ ಕಟ್ಟನ್ನು ನಮ್ಮ ಹೆಬ್ಬೆರಳಿಗೆ ನಾವೇ ಹಾಕಿಕೊಳ್ಳಬೇಕು.

ಇನ್ನು ನಮ್ಮ ಮಕ್ಕಳ ಚಿತ್ರಗಳ ಮಾತು. ಮಗುವಿನ ಮೊದಲ ಹೆಜ್ಜೆ, ಸ್ನಾನದ ಬೋಗುಣಿ, ಪರೀಕ್ಷೆಯ ಗುಣಪಟ್ಟಿ, ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದು, ಎಲ್ಲವೂ ಇಂದು ಸ್ಟೇಟಸ್ಸಿಗೆ ಏರುತ್ತವೆ. ಸಂತೋಷವನ್ನು ಹಂಚಿಕೊಳ್ಳಬೇಡಿರೆಂದು ನಾವು ಹೇಳುವುದಿಲ್ಲ. ಆದರೆ ಬರಿಮೈಯ ಎಳೆಯ ಮಗುವಿನ ಚಿತ್ರ ಯಾರ ಯಾರ ಕೈ ಸೇರುತ್ತದೆ? ಸಮವಸ್ತ್ರದ ಬಿಲ್ಲೆಯ ಮೇಲಿನ ಶಾಲೆಯ ಹೆಸರು, ಹಿಂದಿನ ಗೋಡೆಯ ಮೇಲಿನ ಊರಿನ ಹೆಸರು, ದಿನವೂ ಒಂದೇ ಹೊತ್ತಿಗೆ ಹಾಕುವ ಚಿತ್ರ, ಇಷ್ಟೇ ಸೇರಿದರೆ ಈ ಮಗು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬುದು ಅಪರಿಚಿತನಿಗೂ ತಿಳಿಯುತ್ತದೆ. ಮುಖವೊಂದಿದ್ದರೆ ಸಾಕು, ಅದನ್ನು ಬೇರೊಂದು ದೇಹಕ್ಕೆ ಅಂಟಿಸಿ ನಿಜದಂತೆ ತೋರಿಸುವ ಉಪಕರಣಗಳು ಇಂದು ಯಾರ ಫೋನಿನಲ್ಲಾದರೂ ಸಿಗುತ್ತವೆ.

ಇದಕ್ಕಿಂತಲೂ ಸೂಕ್ಷ್ಮವಾದ ಸಂಗತಿಯೊಂದಿದೆ. ಐದು ವರ್ಷದ ಮಗುವಿಗೆ ನಾಚಿಕೆಯಾಗದ ಚಿತ್ರ ಹದಿನೈದು ವರ್ಷದ ಅದೇ ಮಗುವಿಗೆ ನಾಚಿಕೆಯಾಗಬಹುದು. ಗಣಿತದಲ್ಲಿ ಎರಡಂಕಿ ಮುಟ್ಟದ ಗುಣಪಟ್ಟಿಯನ್ನು ತಂದೆ ತಮಾಷೆಗೆಂದು ಬಂಧುಗಳ ಗುಂಪಿಗೆ ಹಾಕಿದರೆ, ಮರುದಿನ ಆ ಮಗು ಶಾಲೆಯಲ್ಲಿ ತಲೆ ಎತ್ತುವುದಿಲ್ಲ. ಇದನ್ನು ನಾವು ತರಗತಿಗಳಲ್ಲಿ ಕಣ್ಣಾರೆ ಕಂಡಿದ್ದೇವೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರ ಮಾಹಿತಿಯನ್ನು ಸಂಸ್ಥೆಗಳು ಬಳಸಬೇಕಾದರೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಕೇಳುವುದು ಪಾಲಕರನ್ನು. ನಾವು ಮತ್ತು ನೀವು ಮಗುವನ್ನೂ ಒಂದು ಮಾತು ಕೇಳೋಣ. "ಇದನ್ನ ಹಾಕಲೇನು?" ಎಂದು ಕೇಳಿದರೆ ಏಳೆಂಟು ವರ್ಷದ ಮಗುವೂ ಸ್ಪಷ್ಟವಾಗಿ ಉತ್ತರ ಕೊಡುತ್ತದೆ.

ಇನ್ನೊಂದು ವಿಷಯದಲ್ಲಿ ಕಾಯ್ದೆ ಬಹಳ ಕಠಿಣವಾಗಿದೆ, ಮತ್ತು ಅದನ್ನು ಮುರಿಯುವವರು ಹೆಚ್ಚಾಗಿ ಒಳ್ಳೆಯವರೇ. ಯಾವುದೋ ಊರಿನಲ್ಲಿ ಮಗುವಿನ ಮೇಲೆ ಅತ್ಯಾಚಾರವಾದ ಸುದ್ದಿ ಬರುತ್ತದೆ. "ನ್ಯಾಯ ಸಿಗಲಿ" ಎಂದು ಆ ಮಗುವಿನ ಚಿತ್ರವನ್ನು ದೀಪದ ಗುರುತಿನೊಡನೆ ಹಂಚುತ್ತೇವೆ. 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಮು, ಅಪರಾಧಕ್ಕೆ ಬಲಿಯಾದ, ಸಾಕ್ಷಿಯಾದ ಅಥವಾ ಸ್ವತಃ ತಪ್ಪು ಮಾಡಿದ ಆರೋಪ ಹೊತ್ತ ಯಾವ ಮಗುವಿನದೇ ಆಗಲಿ ಹೆಸರು, ವಿಳಾಸ, ಶಾಲೆ, ಚಿತ್ರ ಹೊರಗೆ ಬರಬಾರದೆಂದು ವಿಧಿಸುತ್ತದೆ. ಮೀರಿದವರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಈ ಕಟ್ಟಳೆಯ ಹಿಂದಿನ ದಯೆಯನ್ನು ಗಮನಿಸಿರಿ: ಆ ಮಗು ಮುಂದೆ ಬೆಳೆಯಬೇಕು, ಶಾಲೆಗೆ ಹೋಗಬೇಕು, ಬೇರೆ ಹೆಸರಿಲ್ಲದೆ ತನ್ನ ಹೆಸರಿನಿಂದಲೇ ಬಾಳಬೇಕು.

ಚಿತ್ರಗಳಾದ ಮೇಲೆ ಕಾಮೆಂಟುಗಳು. ಗಡಿಯಲ್ಲಿ ಬಾಳುವ ನಮಗೆ ಇದರ ಬಿಸಿ ಬೇರೆಯವರಿಗಿಂತ ಬೇಗ ತಟ್ಟುತ್ತದೆ. 2022ರ ನವೆಂಬರ್, ಡಿಸೆಂಬರ್ ತಿಂಗಳುಗಳನ್ನು ನೆನಪಿಸಿಕೊಳ್ಳಿರಿ. ಜತ್ತ, ಅಕ್ಕಲಕೋಟೆ, ಸೊಲ್ಲಾಪುರಗಳ ಹೆಸರು ದಿನವೂ ಸುದ್ದಿಯಲ್ಲಿತ್ತು. ಬಸ್ಸುಗಳಿಗೆ ಮಸಿ ಬಳಿದರು, ಎರಡು ರಾಜ್ಯಗಳ ನಡುವಿನ ಸಂಚಾರ ನಿಂತು ನಿಂತು ಸಾಗಿತು. ಫೋನಿನಲ್ಲಿ ಉಭಯ ಪಕ್ಷಗಳ ಶೂರರೂ ಬೆಂಕಿ ಉಗುಳುತ್ತಿದ್ದರು. ಅವರಲ್ಲಿ ಎಷ್ಟೋ ಜನ ದೂರದ ನಗರಗಳಲ್ಲಿ ಕುಳಿತವರು. ಬಸ್ ನಿಂತದ್ದರಿಂದ ತೊಂದರೆಗೊಳಗಾದವರು ಮಾತ್ರ ಆಳಂದಕ್ಕೆ ಮಗಳ ಮನೆಗೆ ಹೋಗಬೇಕಾದವರು, ಇಂಡಿಯ ಸಂತೆಗೆ ಹೊರಟವರು, ಕಲಬುರ್ಗಿಯ ದವಾಖಾನೆಗೆ ರೋಗಿಯನ್ನು ಒಯ್ಯಬೇಕಾದವರು. ನಮ್ಮ ಓಣಿಯಲ್ಲಿ ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ, ನೇಕಾರರ ಕೇರಿಗೆ ಹೋದರೆ ತೆಲುಗು. ಕನ್ನಡವನ್ನು ಪ್ರೀತಿಸುವುದಕ್ಕೆ ಪಕ್ಕದ ಮನೆಯವರ ಮರಾಠಿಯನ್ನು ಹಳಿಯಬೇಕಾಗಿಲ್ಲ ಎಂಬುದನ್ನು ಈ ಶಾಲೆ ನೂರು ವರ್ಷ ನಡೆದು ತೋರಿಸಿದೆ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು; ಆ ಪೀಠವೇರಿದ ಮೊದಲ ಮಹಿಳೆ ಅವರು. ಕನ್ನಡ, ಮರಾಠಿ ಎರಡರಲ್ಲಿಯೂ ಬರೆದ ಆ ತಾಯಿ ನಮ್ಮ ಮಾತಿಗೆ ಸಾಕಷ್ಟು ದೊಡ್ಡ ಮೇಲ್ಪಂಕ್ತಿ.

ಹಾಗೆಂದು ಬಾಯಿ ಮುಚ್ಚಿಕೊಂಡಿರಿ ಎಂದು ನಾವು ಹೇಳುತ್ತಿಲ್ಲ. 2012ರಲ್ಲಿ ನಮ್ಮದೇ ರಾಜ್ಯದ ಪಾಲಘರದಲ್ಲಿ ಒಬ್ಬ ತರುಣಿ, ನಾಯಕರೊಬ್ಬರ ನಿಧನಕ್ಕಾಗಿ ಮುಂಬಯಿ ಬಂದ್ ಆದುದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದಳು. ಅವಳ ಗೆಳತಿ ಅದನ್ನು ಮೆಚ್ಚಿದಳು. ಇಬ್ಬರನ್ನೂ ಬಂಧಿಸಲಾಯಿತು. ಅದರ ವಿರುದ್ಧ ಎದ್ದ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿ, 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ರದ್ದಾಯಿತು. ರಸ್ತೆ ಕೆಟ್ಟಿದ್ದರೆ ಕೆಟ್ಟಿದೆ ಎನ್ನಬೇಕು, ಶಾಲೆಗೆ ಶಿಕ್ಷಕರಿಲ್ಲದಿದ್ದರೆ ಇಲ್ಲ ಎನ್ನಬೇಕು. ಅಧಿಕಾರವಿದ್ದವರನ್ನು ಕೇಳುವ ಮಾತಿಗೆ ಧೈರ್ಯ ಬೇಕು. ಬಡವರನ್ನು, ಹೆಣ್ಣುಮಕ್ಕಳನ್ನು, ಎದುರಿಗಿಲ್ಲದವರನ್ನು ಹಂಗಿಸುವ ಮಾತಿಗೆ ಧೈರ್ಯವೇನೂ ಬೇಕಿಲ್ಲ. ಇವೆರಡರ ಭೇದವನ್ನು ನಮ್ಮ ಮಕ್ಕಳು ಅರಿಯಬೇಕು.

ಹೀಗಾಗಿ ಒತ್ತುವ ಮೊದಲು ಒಂದು ಗಳಿಗೆ ನಿಂತು ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ. ಇದರಲ್ಲಿರುವವರನ್ನು ನಾವು ಕೇಳಿದ್ದೇವೆಯೆ? ಇದು ನಿಜವೆಂದು ನಮಗೆ ಹೇಗೆ ಗೊತ್ತು, ಯಾರು ಕಂಡವರು? ಇದರಲ್ಲಿರುವವರ ಮಗಳೋ ತಾಯಿಯೋ ನಾಳೆ ಇದನ್ನು ಕಂಡರೆ ಏನಾದೀತು? ಇದೇ ಮಾತನ್ನು ಅವರ ಮನೆಯ ಕಟ್ಟೆಯ ಮೇಲೆ ಕುಳಿತು, ಅವರ ಎದುರಿಗೆ ಆಡುತ್ತೇವೆಯೆ? ಒಂದಕ್ಕೆ ಉತ್ತರ ಸಿಗದಿದ್ದರೂ ಫೋನನ್ನು ಕಿಸೆಯಲ್ಲಿಡೋಣ. ಹಂಚದೆ ಉಳಿದ ಚಿತ್ರದಿಂದ ಯಾರಿಗೂ ನಷ್ಟವಾಗುವುದಿಲ್ಲ.

ಇಷ್ಟಾದರೂ ಕೆಲವೊಮ್ಮೆ ಅನಾಹುತ ನಡೆದೇಬಿಡುತ್ತದೆ. ಮಗಳ ಚಿತ್ರವನ್ನು ಯಾರೋ ಕೆಡಿಸಿ ಹಂಚಿದರೆ, ಮಗನನ್ನು ಯಾರೋ ಹೆದರಿಸಿ ಹಣ ಕೇಳಿದರೆ, ಪಾಲಕರೆ, ಮೊದಲು ಮಗುವಿನ ಮೇಲೆ ಕೈ ಎತ್ತಬೇಡಿರಿ. "ನಿನಗ ಫೋನ್ ಯಾಕ ಬೇಕಿತ್ತು" ಎಂಬ ಮಾತಿಗೆ ಹೆದರಿಯೇ ಮಕ್ಕಳು ತಿಂಗಳುಗಟ್ಟಲೆ ಮುಚ್ಚಿಡುತ್ತಾರೆ. ಬಂದ ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿರಿ. ಕೇಳಿದ ಹಣ ಕೊಡಬೇಡಿರಿ. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿರಿ. ಇತರ ದೂರುಗಳನ್ನು ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ದಾಖಲಿಸಬಹುದು. ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಸಂಬಂಧಿಸಿದ ದೂರನ್ನು ಅಲ್ಲಿ ಹೆಸರು ಹೇಳದೆಯೂ ಕೊಡಬಹುದು. ಸಂಕಟದಲ್ಲಿರುವ ಮಗು 1098ಕ್ಕೆ ತಾನೇ ಕರೆ ಮಾಡಬಹುದು. ಯಾವುದೂ ತೋಚದಿದ್ದರೆ ಶಾಲೆಗೆ ಬನ್ನಿರಿ. ಬಾಗಿಲು ಹಾಕಿ ಕೇಳುತ್ತೇವೆ; ಕೇಳಿದ್ದು ನಮ್ಮಲ್ಲಿಯೇ ಉಳಿಯುತ್ತದೆ.

ಶಾಲೆಯ ಕಡೆಯಿಂದ ನಾವೂ ಕೆಲವು ಕಟ್ಟಳೆ ಹಾಕಿಕೊಂಡಿದ್ದೇವೆ. ಪಾಲಕರ ಲಿಖಿತ ಒಪ್ಪಿಗೆಯಿಲ್ಲದೆ ಮಗುವಿನ ಚಿತ್ರವನ್ನು ಶಾಲೆಯ ಪರವಾಗಿ ಎಲ್ಲಿಯೂ ಹಾಕುವುದಿಲ್ಲ. ಉಚಿತ ಪುಸ್ತಕ, ಸಮವಸ್ತ್ರ, ವಿದ್ಯಾರ್ಥಿವೇತನ ಪಡೆಯುವಾಗ ಕೈಚಾಚಿ ನಿಂತ ಮಗುವಿನ ಚಿತ್ರವನ್ನು ತೆಗೆಯುವುದೇ ಇಲ್ಲ. ದಾನಿಗಳೂ ಇದಕ್ಕೆ ಒಪ್ಪಿದ್ದಾರೆ. ಗುಣಪಟ್ಟಿಗಳನ್ನು ತರಗತಿಯ ಗುಂಪಿಗೆ ಹಾಕದೆ ಪಾಲಕರ ಕೈಯಲ್ಲಿಯೇ ಕೊಡುತ್ತೇವೆ. ಈ ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ಹಳೆಯ ಚಿತ್ರಗಳಿಗೂ, ನಮಗೆ ಗುರುತು ಸಿಕ್ಕ ಮನೆತನಗಳ ಅನುಮತಿ ಪಡೆದೇ ಜಾಗ ಕೊಟ್ಟಿದ್ದೇವೆ. ಇಬ್ಬರು ಬೇಡವೆಂದರು, ಆ ಎರಡು ಚಿತ್ರಗಳು ಸಂಚಿಕೆಯಲ್ಲಿಲ್ಲ.

ಕೊನೆಗೆ ಒಂದು ಮಾತು. ಕಳೆದ ತಿಂಗಳು ಆ ತಂದೆ ಮತ್ತೆ ಶಾಲೆಗೆ ಬಂದರು. ಈ ಸಲ ಮಗಳನ್ನೂ ಕರೆತಂದಿದ್ದರು. ಮುತ್ತಜ್ಜನ ಹೆಸರಿರುವ ಪುಟವನ್ನು ತಾನೇ ನೋಡಬೇಕೆಂದು ಅವಳ ಆಸೆ. ಕಪಾಟು ತೆಗೆದು ರಜಿಸ್ಟರನ್ನು ಮೇಜಿನ ಮೇಲಿಟ್ಟೆವು. ಅವಳು ಬಹಳ ಹೊತ್ತು ಆ ಸಾಲನ್ನೇ ನೋಡಿದಳು. ಆಮೇಲೆ, "ಸರ್, ಇದರದೊಂದು ಫೋಟೊ ತಕ್ಕೋಬಹುದೇನ್ರಿ?" ಎಂದು ಕೇಳಿದಳು. ನಾವು ಒಪ್ಪಿದೆವು. ಅವಳು ಫೋನು ಹೊರತೆಗೆದು ತುಸು ತಡೆದಳು. ಮೇಜಿನ ಮೇಲಿದ್ದ ಎರಡು ಬಿಳಿಯ ಹಾಳೆಗಳನ್ನು ಕೇಳಿ ಪಡೆದಳು. ಒಂದನ್ನು ಮೇಲಿನ ಹೆಸರುಗಳ ಮೇಲೆ, ಇನ್ನೊಂದನ್ನು ಕೆಳಗಿನ ಹೆಸರುಗಳ ಮೇಲೆ ಮುಚ್ಚಿ, ತನ್ನ ಮುತ್ತಜ್ಜನ ಒಂದೇ ಸಾಲಿನ ಚಿತ್ರ ತೆಗೆದುಕೊಂಡಳು.

ಉಳಿದ ಸಾಲುಗಳು ಬೇರೆಯವರ ಮುತ್ತಜ್ಜಂದಿರವು. ಅದನ್ನು ಅವಳಿಗೆ ನಾವು ಹೇಳಿಕೊಡಲಿಲ್ಲ. ಆ ಎರಡು ಹಾಳೆಗಳನ್ನು ಅದೇ ಪುಟದಲ್ಲಿ ಹಾಗೆಯೇ ಇಟ್ಟು ರಜಿಸ್ಟರನ್ನು ಕಪಾಟಿಗೆ ಸೇರಿಸಿದ್ದೇವೆ.